ದಣಪೆ ಇಲ್ಲದ ಫೋನು



ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳ್ಳಿಮನೆಗಳಲ್ಲಿ ಫೋನು ಮನುಷ್ಯನ ಜೇಬಿನಲ್ಲಿ ಇರುವುದು ಕಡಿಮೆ. ಅದು ಇರುವುದು ಜಗಲಿಯ ಕಿಟಕಿಯಲ್ಲಿ, ಇಲ್ಲವೇ ಅಂಗಳದ ತುದಿಯ ಕಟ್ಟೆಯ ಮೇಲೆ. ಸಿಗ್ನಲ್ಲಿನ ಎರಡು ಗೀಟು ಎಲ್ಲಿ ನಿಲ್ಲುತ್ತದೋ ಅಲ್ಲಿ. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ, ಆಗ ಆ ಎರಡು ಗೀಟೂ ಇಲ್ಲ. ಇಂಥ ಫೋನು ಹೊಡೆದುಕೊಂಡಿತೆಂದರೆ ತೋಟದಲ್ಲಿದ್ದವರು ಕತ್ತಿ ಅಲ್ಲೇ ಬಿಟ್ಟು, ಸಂಕ ದಾಟಿ, ದರೆ ಹತ್ತಿ ಓಡಿ ಬರಬೇಕು. ಬೆಂಗಳೂರಿನಲ್ಲಿರುವ ಮಗನೋ, ಆಸ್ಪತ್ರೆ ಸೇರಿದ ತಂಗಿಯ ಮನೆಯವರೋ, ನಾಳೆ ಬರುತ್ತೇನೆಂದ ಕೊನೆಗೌಡನೋ, ಅಡಿಕೆ ಟೆಂಡರಿನ ದರ ಹೇಳುವವರೋ, ಯಾರೆಂದು ಗೊತ್ತಿಲ್ಲ. ಏದುಸಿರು ಬಿಡುತ್ತ ಬಂದು ಎತ್ತಿದರೆ ಆ ಕಡೆಯಿಂದ ಜೇನಿನಂಥ ದನಿ: "ನಮಸ್ಕಾರ ಸರ್, ನಿಮಗೆ ಐದು ಲಕ್ಷದ ಸಾಲ ಮಂಜೂರಾಗಿದೆ."

"ತಂಗೀ, ನಿನ್ನೆಯೇ ಬೇಡ ಅಂದಿದ್ನಲ್ಲೇ?"

"ನಿನ್ನೆ ಮಾಡಿದ್ದು ನಾನಲ್ಲ ಸರ್."

ನಿನ್ನೆ ಮಾಡಿದವಳು ಬೇರೆ, ಇವತ್ತು ಮಾಡಿದವಳು ಬೇರೆ, ನಾಳೆ ಮಾಡುವವನು ಇನ್ನೊಬ್ಬ. ನಂಬರು ಬೇರೆ, ದನಿ ಬೇರೆ, ಮಾತು ಮಾತ್ರ ಅದೇ. ಬೇಡ ಎಂದು ಯಾರಿಗೆ ಹೇಳುವುದು?

ಪೇಟೆಯವರು ನಗುತ್ತಾರೆ. "ಕಟ್ ಮಾಡಿ ಒಗೀರಿ ಮಾರಾಯ್ರೆ, ಅದಕ್ಕೂ ಒಂದು ಸಂಪಾದಕೀಯವೇ?" ಅನ್ನುತ್ತಾರೆ. ಅವರಿಗೆ ಅದು ಸೊಳ್ಳೆಯ ಕಾಟ, ಕೈಬೀಸಿದರೆ ಹೋಯಿತು. ನಮಗೆ ಹಾಗಲ್ಲ. ಊರಿನ ಮನೆಗಳಲ್ಲಿ ಈಗ ಹೆಚ್ಚಾಗಿ ಇರುವವರು ಅರವತ್ತು ದಾಟಿದ ಇಬ್ಬರು. ಮಕ್ಕಳು ದೂರ. ಆ ಇಬ್ಬರಿಗೂ ಹೊರಲೋಕಕ್ಕೂ ಇರುವ ದಾರಿ ಈ ಒಂದು ಫೋನು. ಗೊತ್ತಿಲ್ಲದ ನಂಬರನ್ನು ಎತ್ತುವುದಿಲ್ಲ ಎಂದು ಶಪಥ ಮಾಡಿದರೆ ಆಂಬುಲೆನ್ಸಿನವನ ಕರೆಯೂ ತಪ್ಪುತ್ತದೆ. ಎತ್ತುತ್ತೇನೆ ಎಂದರೆ ಕೆಲಸ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಮದ್ದು ಹೊಡೆಯುವ ದಿನ ಮಳೆ ಎರಡು ತಾಸು ಬಿಡುವು ಕೊಟ್ಟಾಗ ನಾಲ್ಕು ಸಲ ಮರದ ಕೆಳಗಿನಿಂದ ಮನೆಗೆ ಓಡಿಸಿದರೆ ಕೊಳೆರೋಗ ಕಾಯುತ್ತ ಕೂರುವುದಿಲ್ಲ.

ದರ ಮತ್ತು ಸಾಲದ ವಿಚಾರ ಬರೆಯುವ ಈ ಪತ್ರಿಕೆ ಫೋನಿನ ಕಾಟದ ವಿಚಾರ ಎತ್ತಲು ಇನ್ನೂ ದೊಡ್ಡ ಕಾರಣವಿದೆ. ಈ ಕರೆಗಳಲ್ಲಿ ಮುಕ್ಕಾಲು ಪಾಲು ಹೊರಡುವುದು ಸಾಲದಿಂದ, ಮುಟ್ಟುವುದೂ ಸಾಲಕ್ಕೆ. ನಮ್ಮ ಲೆಕ್ಕದಲ್ಲಿ ಅವು ಮೂರು ಜಾತಿ. ಕೊಡುವ ಕರೆ, ಕೀಳುವ ಕರೆ, ಕದಿಯುವ ಕರೆ. ಮೂರನ್ನೂ ಒಂದೇ ಎಂದು ತಿಳಿದು ಬೈದು ಫೋನು ಇಟ್ಟುಬಿಡುವುದರಿಂದಲೇ ನಾವು ಸೋಲುತ್ತಿದ್ದೇವೆ. ಕಳೆ ಒಂದೊಂದಕ್ಕೂ ಬೇರು ಬೇರೆ, ಕೀಳುವ ಕ್ರಮವೂ ಬೇರೆ.

ಮೊದಲು ಕೊಡುವ ಕರೆ. ಸಾಲ ಕೊಡುತ್ತೇವೆ, ಕಾರ್ಡು ಕೊಡುತ್ತೇವೆ, ವಿಮೆ ಕೊಡುತ್ತೇವೆ, ಬೆಂಗಳೂರಿನ ಹೊರವಲಯದಲ್ಲಿ ಸೈಟು ಕೊಡುತ್ತೇವೆ. ರೈತನಿಗೆ ಕೊಡಲು ಇಷ್ಟೊಂದು ಜನ ಸಾಲು ನಿಂತದ್ದನ್ನು ನಮ್ಮ ಅಜ್ಜಂದಿರು ಕಂಡಿರಲಿಲ್ಲ! ಅಡಿಕೆಗೆ ನ್ಯಾಯದ ದರ ಕೊಡುತ್ತೇವೆ ಎಂದು ಮಾತ್ರ ಇದುವರೆಗೆ ಒಬ್ಬನೂ ಫೋನು ಮಾಡಿದ್ದಿಲ್ಲ.

ಸೊಸೈಟಿಯ ಬೆಳೆಸಾಲವನ್ನು 5 ಲಕ್ಷ ರೂಪಾಯಿವರೆಗೆ ಬಡ್ಡಿ ಇಲ್ಲದೆ ಕೊಡುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಹೇಳಿತು. ಅದಕ್ಕೆ ಪಹಣಿ ಬೇಕು, ಜಾಮೀನು ಬೇಕು, ನಾಲ್ಕು ಸಲ ಓಡಾಡಬೇಕು. ಫೋನಿನ ಸಾಲಕ್ಕೆ ಏನೂ ಬೇಡ, "ಹೂಂ" ಎಂದರೆ ಸಾಕು ಅನ್ನುತ್ತಾರೆ. ಸುಲಭವಾಗಿ ಬಂದ ಸಾಲ ಸುಲಭವಾಗಿ ಹೋಗುವುದಿಲ್ಲ ಎಂಬುದು ಹೂಂ ಅಂದ ಮೇಲೆ ತಿಳಿಯುತ್ತದೆ.

ಈ ಕರೆಗಳನ್ನು ತಡೆಯಲು ನಿಯಮ ಇಲ್ಲವೇ? ಇದೆ. ಒಂದಲ್ಲ, ನಾಲ್ಕು ಸಲ ಮಾಡಿದ್ದಾರೆ. ಟ್ರಾಯ್ ಎಂದು ಕರೆಸಿಕೊಳ್ಳುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2007ರಲ್ಲಿ ಒಂದು ನಿಯಮ ಮಾಡಿತು, 2010ರಲ್ಲಿ ಇನ್ನೊಂದು, 2018ರಲ್ಲಿ ಮತ್ತೊಂದು, 2025ರ ಫೆಬ್ರವರಿಯಲ್ಲಿ ಅದಕ್ಕೆ ತಿದ್ದುಪಡಿ. ಜಾಹೀರಾತಿನ ಕರೆ ಮಾಡುವವರು 140ರಿಂದ ಆರಂಭವಾಗುವ ನಂಬರಿನಿಂದಲೇ ಮಾಡಬೇಕು. ವ್ಯವಹಾರದ ಸೂಚನೆ ಕೊಡುವ ಕರೆಗೆ 1600ರಿಂದ ಆರಂಭವಾಗುವ ನಂಬರು. ನಮ್ಮ ನಿಮ್ಮಂಥವರ ಸಾಮಾನ್ಯ 10 ಅಂಕಿಯ ನಂಬರಿನಿಂದ ಸಾಲ, ಸೈಟು ಮಾರುವವನು ಆಗಲೇ ನಿಯಮ ಮುರಿದವನು. ಅವನು ಎಷ್ಟೇ ಸರ್ ಸರ್ ಅನ್ನಲಿ, ಕಳ್ಳದಾರಿಯಿಂದ ತೋಟಕ್ಕೆ ಇಳಿದವನೇ.

ಇನ್ನು ದಣಪೆ ಹಾಕುವ ಕ್ರಮ. 1909 ಎಂಬ ನಂಬರಿಗೆ ಫೋನು ಮಾಡಿ, ಜಾಹೀರಾತಿನ ಕರೆ ಯಾವುದೂ ಬೇಡ ಎಂದು ದಾಖಲು ಮಾಡಿಸಬಹುದು. ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ ಸ್ಟಾರ್ಟ್ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಸೊನ್ನೆ ಒತ್ತಿ, ಆ ಸಂದೇಶವನ್ನು 1909ಕ್ಕೆ ಕಳಿಸಬೇಕು. ಇಷ್ಟಾದ ಮೇಲೂ ಕರೆ ಬಂದರೆ ಅದೇ 1909ಕ್ಕೆ ದೂರು: ಯಾವ ನಂಬರಿನಿಂದ, ಯಾವ ತಾರೀಕು, ಏನು ಹೇಳಿದರು, ಈ ಮೂರೇ ಸಂಗತಿ. 2025ರ ತಿದ್ದುಪಡಿಯ ಪ್ರಕಾರ ದೂರು ಕೊಡಲು ಕರೆ ಬಂದ ಮೇಲೆ 7 ದಿನ ಅವಕಾಶವಿದೆ, ಮೊದಲು 3 ದಿನ ಮಾತ್ರ ಇತ್ತು. 1909ರಲ್ಲಿ ಮೊದಲೇ ದಾಖಲು ಮಾಡಿಸದವರೂ ದೂರು ಕೊಡಬಹುದು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ನನ್ನ ಮನೆಗೆ ನುಗ್ಗಬೇಡಿ ಎಂದು ನಾನೇ ಅರ್ಜಿ ಹಾಕಬೇಕೇ? ನುಗ್ಗುವವನು ಅಪ್ಪಣೆ ಕೇಳಬೇಕೋ, ಮನೆಯವನು ಬೇಡಿಕೊಳ್ಳಬೇಕೋ? ಬೆಳೆಯ ಸಬ್ಸಿಡಿಗೆ ಅರ್ಜಿ, ವಿಮೆಗೆ ಅರ್ಜಿ, ಬರದ ಪರಿಹಾರಕ್ಕೆ ಅರ್ಜಿ, ಈಗ ನೆಮ್ಮದಿಗೂ ಒಂದು ಅರ್ಜಿ. ಈ ಉಲ್ಟಾ ನ್ಯಾಯವನ್ನು ನಾವು ಒಪ್ಪಬೇಕಿಲ್ಲ. ಆದರೆ ನ್ಯಾಯ ನೆಟ್ಟಗಾಗುವವರೆಗೆ ಕೈಯಲ್ಲಿರುವ ಆಯುಧ ಬಿಡುವುದು ಬುದ್ಧಿವಂತಿಕೆಯಲ್ಲ.

ಎರಡನೆಯದು ಕೀಳುವ ಕರೆ. ಇದರ ವಿಚಾರ ಜನ ಬಾಯಿ ಬಿಡುವುದಿಲ್ಲ, ಅದಕ್ಕೇ ಇದು ಮೂರರಲ್ಲಿ ಕ್ರೂರವಾದದ್ದು.

ಕೊಳೆ ಬಂದ ವರ್ಷ ಫಸಲಿಲ್ಲ, ಫಸಲು ಬಂದ ವರ್ಷ ದರವಿಲ್ಲ, ಎರಡೂ ಇದ್ದ ವರ್ಷ ಎಲೆಚುಕ್ಕಿ ರೋಗ. ಕಂತು ತಪ್ಪುತ್ತದೆ. ಆಗ ಶುರುವಾಗುತ್ತದೆ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಒಂದು, ಊಟದ ಹೊತ್ತಿಗೆ ಮೂರು, ರಾತ್ರಿ ಅಡಿಕೆ ಸುಲಿಯುವಾಗ ಐದು. ನಮ್ಮ ಸೊಸೈಟಿಯ ಸೆಕ್ರೆಟರಿಯೂ ಫೋನು ಮಾಡುತ್ತಾನೆ, ಆದರೆ ಅವನ ದನಿ ನಮಗೆ ಗೊತ್ತು, ಅವನ ಮನೆಯ ಅಡಿಕೆಗೂ ಕೊಳೆ ಬಂದದ್ದು ಗೊತ್ತು. "ಹೆಗಡೇರೇ, ಮಾರ್ಚಿ ಬಂತಲ್ರಾ" ಎನ್ನುವಾಗ ಅವನಿಗೂ ಮುಜುಗರ. ಹೊರಗಿನ ಕಂಪನಿಯವನ ಪರವಾಗಿ ಕರೆ ಮಾಡುವವನಿಗೆ ಕೊಳೆಯೂ ಗೊತ್ತಿಲ್ಲ, ಮುಜುಗರವೂ ಇಲ್ಲ. ಅವನಿಗೆ ದಿನಕ್ಕೆ ಇಷ್ಟು ಕರೆ ಎಂಬ ಲೆಕ್ಕ ಮಾತ್ರ ಗೊತ್ತು.

ಕಳೆದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಒಬ್ಬ ಬೆಳೆಗಾರರು ನಮ್ಮೆದುರು ಕೂತು ಹೇಳಿದರು. ಹೆಸರು ಬೇಡ, ಊರೂ ಬೇಡ. "ನನಗೆ ಬೈದದ್ದಕ್ಕೆ ಬೇಜಾರಿಲ್ಲ. ಮಗಳ ಗಂಡನ ಮನೆಗೆ ಫೋನು ಮಾಡಿದ್ರು. ನಿಮ್ಮ ಮಾವ ಸಾಲ ತಗಂಡು ಫೋನು ಎತ್ತುದಿಲ್ಲ ಅಂದ್ರು. ಅವತ್ತಿಂದ ಮಗಳಿಗೆ ಫೋನು ಮಾಡಲಿಕ್ಕೆ ನನಗೇ ಮುಖ ಇಲ್ಲ." ಇಷ್ಟು ಹೇಳಿ ಅವರು ಕವಳದ ಬಟ್ಟಲು ಹತ್ತಿರ ಎಳೆದುಕೊಂಡರು, ಮತ್ತೆ ಮಾತಾಡಲಿಲ್ಲ. ಅವರ ಬಾಕಿ ಮೂವತ್ತೆಂಟು ಸಾವಿರ ರೂಪಾಯಿ. ಮನುಷ್ಯನ ಮರ್ಯಾದೆಯನ್ನು ಜಪ್ತಿ ಮಾಡಲು ಇಷ್ಟು ಸಾಕಾಯಿತು.

ಬಂಧುಗಳೇ, ಇದು ಗೊತ್ತಿರಲಿ. ಸಾಲ ವಸೂಲಿಗೂ ಒಂದು ಕ್ರಮವಿದೆ. 2022ರ ಆಗಸ್ಟ್ 12ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಸ್ಪಷ್ಟವಾಗಿ ಹೇಳಿತು: ವಸೂಲಿಗೆ ಬೆಳಗ್ಗೆ 8 ಗಂಟೆಗೆ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದು. ಮೇಲಿಂದ ಮೇಲೆ ಕರೆ ಮಾಡಿ ಪೀಡಿಸಕೂಡದು. ಬೆದರಿಕೆಯ ಕರೆ, ಹೆಸರು ಹೇಳದ ಕರೆ ಕೂಡದು. ಸಾಲಗಾರನನ್ನು ನಾಲ್ಕು ಜನರ ಮುಂದೆ ಅವಮಾನಿಸಕೂಡದು, ಅವನ ಮನೆಯವರನ್ನು, ಸ್ನೇಹಿತರನ್ನು ಕಾಡಕೂಡದು. ಏಜೆಂಟು ಮಾಡಿದ ತಪ್ಪಿಗೆ ಅವನನ್ನು ಇಟ್ಟುಕೊಂಡ ಬ್ಯಾಂಕೇ ಹೊಣೆ. ಮೈಕ್ರೊಫೈನಾನ್ಸ್ ಸಾಲಕ್ಕೆ ಅದೇ ವರ್ಷ ಮಾಡಿದ ನಿಯಮ ಇನ್ನೂ ಬಿಗಿ: ಬೆಳಗ್ಗೆ 9ಕ್ಕೆ ಮೊದಲಿಲ್ಲ, ಸಂಜೆ 6ರ ನಂತರ ಇಲ್ಲ. ಫೋನಿನ ಆಪ್‌ನಿಂದ ಸಾಲ ಕೊಡುವವರು ಸಾಲಗಾರನ ಫೋನಿನಲ್ಲಿರುವ ಹೆಸರು, ನಂಬರುಗಳ ಪಟ್ಟಿಗೆ ಕೈ ಹಾಕಕೂಡದು ಎಂದೂ 2022ರಲ್ಲೇ ಹೇಳಿದ್ದಾರೆ. ಮಗಳ ಗಂಡನ ನಂಬರು ಅವರಿಗೆ ಸಿಕ್ಕಿತೆಂದರೆ ಎಲ್ಲೋ ಒಂದು ಬೇಲಿ ಮುರಿದಿದೆ ಎಂದೇ ಅರ್ಥ.

ಮೈಕ್ರೊಫೈನಾನ್ಸಿನವರ ಕಿರುಕುಳದ ಕೂಗು ಜೋರಾದಾಗ ನಮ್ಮ ರಾಜ್ಯ ಸರ್ಕಾರವೂ ಎದ್ದು ಕೂತಿತು. ಕಿರುಸಾಲ, ಸಣ್ಣಸಾಲಗಳ ವಸೂಲಿಯಲ್ಲಿ ಬಲವಂತ ತಡೆಯುವ ಸುಗ್ರೀವಾಜ್ಞೆಗೆ 2025ರ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿತ್ತು, ಆಮೇಲೆ ವಿಧಾನಮಂಡಲವೂ ಒಪ್ಪಿತು. ತಪ್ಪಿತಸ್ಥನಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಇದರಿಂದ ಬ್ಯಾಂಕಿನ ಸಾಲ, ಸೊಸೈಟಿಯ ಸಾಲ ಮನ್ನಾ ಆಯಿತೆಂದು ಯಾರೂ ತಿಳಿಯಬೇಡಿ. ತೆಗೆದುಕೊಂಡ ಸಾಲ ತೀರಿಸಬೇಕಾದದ್ದೇ. ನಾವು ಹೇಳುವುದು ಇಷ್ಟೇ: ಬಾಕಿ ಇರುವುದು ದುಡ್ಡಿನದು, ಮಾನದ್ದಲ್ಲ. ಸಹಕಾರಿ ಸಾಲಕ್ಕೆ 1959ರ ಸಹಕಾರ ಸಂಘಗಳ ಕಾಯ್ದೆ ಇದೆ. ನೋಟಿಸು, ವಿಚಾರಣೆ, ತೀರ್ಪು ಎಂಬ ಮೆಟ್ಟಿಲುಗಳಿವೆ. ಬ್ಯಾಂಕಿನ ಸಾಲಕ್ಕೆ ಕೋರ್ಟುಗಳಿವೆ. ರಾತ್ರಿ ಒಂಬತ್ತಕ್ಕೆ "ನಾಳೆ ಪೊಲೀಸರನ್ನು ಕರಕೊಂಡು ಬರ್ತೇನೆ" ಎನ್ನುವ ದನಿ ಈ ಯಾವ ಮೆಟ್ಟಿಲೂ ಅಲ್ಲ.

ಅಂಥ ಕರೆ ಬಂದಾಗ ಹೆದರಿ ಮೂಲೆ ಸೇರುವ ಬದಲು ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ಹೆಸರೇನು? ಯಾವ ಬ್ಯಾಂಕಿನ ಪರವಾಗಿ? ವಸೂಲಿಗೆ ನಿಮ್ಮನ್ನು ನೇಮಿಸಿದ ಪತ್ರ ಎಲ್ಲಿದೆ? ಬಾಕಿಯ ಲೆಕ್ಕವನ್ನು ಕಾಗದದಲ್ಲಿ ಕಳಿಸುತ್ತೀರಾ? ನ್ಯಾಯವಾಗಿ ಬಂದವನು ಉತ್ತರ ಕೊಡುತ್ತಾನೆ. ಉಳಿದವನು ದನಿ ಏರಿಸುತ್ತಾನೆ, ಅಲ್ಲಿಗೆ ಅವನ ಬಣ್ಣ ತಿಳಿಯಿತು. ಆಮೇಲೆ ಬ್ಯಾಂಕಿನ ಮ್ಯಾನೇಜರಿಗೆ ಲಿಖಿತ ದೂರು, ಅದಕ್ಕೆ ರಸೀದಿ. ಅವರು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು, ದಾರಿ ಕೇಳಲು 14448 ನಂಬರಿದೆ. ಜೀವಬೆದರಿಕೆ, ಮಾನಬೆದರಿಕೆ ಹಾಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಅಪರಾಧ, ನೇರ ಪೊಲೀಸು ಠಾಣೆಗೆ ಹೋಗಬೇಕಾದ ವಿಷಯ.

ಸಾಲದ ಲೆಕ್ಕಕ್ಕೆ ಸೇರದ ಇನ್ನೊಂದು ಕಾಟವನ್ನೂ ಇಲ್ಲೇ ಹೇಳಿಬಿಡಬೇಕು. ಹೆಂಗಸರು ಎತ್ತಿದರೆ ರಾಂಗ್ ನಂಬರ್ ಎಂದು ಶುರುಮಾಡಿ, ಬೇಡವೆಂದರೂ ದಿನಾ ಕರೆ ಮಾಡಿ ಹಲ್ಲು ಕಿಸಿಯುವವರಿದ್ದಾರೆ. ಮನೆಯಲ್ಲಿ ಹೇಳಿದರೆ ಫೋನನ್ನೇ ಕಸಿದುಕೊಂಡಾರೆಂದು ಎಷ್ಟೋ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ. ಬೇಡವೆಂದು ಸ್ಪಷ್ಟವಾಗಿ ಹೇಳಿದ ಮೇಲೂ ಹೆಣ್ಣೊಬ್ಬಳನ್ನು ಬೆನ್ನುಹತ್ತಿ ಕಾಡುವುದು ಅದೇ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆ. ತಪ್ಪು ಕರೆ ಮಾಡಿದವನದು, ಕರೆ ಎತ್ತಿದವಳದಲ್ಲ. ಇದನ್ನು ಮನೆಯ ಗಂಡಸರು ಮೊದಲು ತಿಳಿಯಬೇಕು.

ಮೂರನೆಯದು ಕದಿಯುವ ಕರೆ. ಇದು ಮೊದಲೆರಡರ ವೇಷ ತೊಟ್ಟು ಬರುತ್ತದೆ. ಕೊಡುವವನ ವೇಷದಲ್ಲಿ ಬಂದರೆ, ನಿಮ್ಮ ಕಿಸಾನ್ ಸಮ್ಮಾನಿನ ಕಂತು ನಿಂತಿದೆ, ಕಳಿಸಿದ ಫೈಲು ಒತ್ತಿ, ಓಟಿಪಿ ಹೇಳಿ ಎನ್ನುತ್ತದೆ. ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುವ ಆ ಹಣದ ಹೆಸರು ಹೇಳಿ ಖಾತೆಯಲ್ಲಿದ್ದ ಅಡಿಕೆಯ ದುಡ್ಡನ್ನೇ ಗುಡಿಸಿಕೊಂಡು ಹೋಗುವುದು. ಕೀಳುವವನ ವೇಷದಲ್ಲಿ ಬಂದರೆ, ನಿಮ್ಮ ಆಧಾರಿನ ಮೇಲೆ ಮುಂಬಯಿಯಲ್ಲಿ ಕೇಸಾಗಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಫೋನು ಇಡಬೇಡಿ, ಯಾರಿಗೂ ಹೇಳಬೇಡಿ ಎನ್ನುತ್ತದೆ.

ಡಿಜಿಟಲ್ ಅರೆಸ್ಟ್ ಎಂಬುದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರು ಫೋನಿನೊಳಗೆ ಯಾರನ್ನೂ ಬಂಧಿಸುವುದಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೋದಲ್ಲಿ ಇದನ್ನು ಹೇಳಬೇಕಾಗಿ ಬಂತು ಎಂದರೆ ಕಾಟ ಎಷ್ಟು ಬೆಳೆದಿತ್ತೆಂದು ಲೆಕ್ಕ ಹಾಕಿ. ಆ ಮಾತುಗಳಲ್ಲಿ ಕೊನೆಯದನ್ನು ಗಮನಿಸಿ: ಯಾರಿಗೂ ಹೇಳಬೇಡಿ. ಕಳ್ಳನ ಬಂಡವಾಳವೆಲ್ಲ ಅದೇ. ಪಕ್ಕದ ಮನೆಯವನನ್ನು ಒಂದು ಕೂಗು ಕೂಗಿ ಕರೆದರೆ ಅರ್ಧ ಕಳ್ಳತನ ಅಲ್ಲಿಗೇ ಮುಗಿಯಿತು. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಲೆ ಮೇಲೆ ಕೈಹೊತ್ತು ಕೂರದೆ ಅದೇ ಗಳಿಗೆ 1930ಕ್ಕೆ ಫೋನು ಮಾಡಬೇಕು. ಬೇಗ ತಿಳಿಸಿದಷ್ಟೂ ದುಡ್ಡು ಮುಂದೆ ದಾಟದಂತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮರುದಿನ ಮಗ ಬಂದ ಮೇಲೆ ನೋಡೋಣ ಎಂದರೆ ಹೊಳೆಯ ನೀರು ಹೊಳೆಗೇ ಹೋಯಿತು. ದುಡ್ಡು ಹೋಗದೆ ಬರೇ ಅನುಮಾನದ ಕರೆಯಾದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ 2024ರ ಮಾರ್ಚಿನಿಂದ ಚಕ್ಷು ಎಂಬ ಕಿಂಡಿ ಇದೆ, ಅಲ್ಲಿ ತಿಳಿಸಬಹುದು. ನಮ್ಮ ಹೆಸರಿನಲ್ಲಿ ನಮಗೆ ಗೊತ್ತಿಲ್ಲದೆ ಎಷ್ಟು ಸಿಮ್ಮು ಓಡುತ್ತಿವೆ ಎಂಬುದನ್ನೂ ಅದೇ ಸಂಚಾರ್ ಸಾಥಿಯಲ್ಲಿ ನೋಡಬಹುದು. ಹಬ್ಬಕ್ಕೆ ಊರಿಗೆ ಬಂದ ಮಕ್ಕಳಿಂದ ಮಾಡಿಸಿಕೊಳ್ಳಬೇಕಾದ ಮೊದಲ ಕೆಲಸ ಇದು.

ಇಷ್ಟೆಲ್ಲ ಕಾನೂನು ಇದ್ದೂ ಕಾಟ ಯಾಕೆ ನಿಲ್ಲುವುದಿಲ್ಲ? ನಾವು ಒಬ್ಬೊಬ್ಬರೇ ಹೊಡೆದಾಡುತ್ತಿದ್ದೇವೆ, ಅದಕ್ಕೆ. ಒಂದು ನಂಬರು ಬ್ಲಾಕ್ ಮಾಡುವುದೆಂದರೆ ಒಂದು ಮರದ ಮಂಗವನ್ನು ಕವಣೆ ಬೀಸಿ ಪಕ್ಕದ ಮರಕ್ಕೆ ಓಡಿಸಿದ ಹಾಗೆ. ನನ್ನ ತೋಟದಿಂದ ಹೋದದ್ದು ನಿಮ್ಮ ತೋಟಕ್ಕೆ, ನಿಮ್ಮಲ್ಲಿಂದ ಹೋದದ್ದು ನನ್ನಲ್ಲಿಗೆ. ಮಂಗಕ್ಕೆ ನಷ್ಟವೇನು?

ಹಿಂದಿನದನ್ನು ಸ್ವಲ್ಪ ನೆನೆಯೋಣ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಕರ ಕೊಡುವುದಿಲ್ಲವೆಂದು ನಿಂತರು. ಜಪ್ತಿ ಬಂತು, ಭೂಮಿ ಹೋಯಿತು, ಊರು ಮಾತ್ರ ಒಡೆಯಲಿಲ್ಲ. ಐವತ್ತು ವರ್ಷದ ಮೇಲೆ, 1980ರಲ್ಲಿ ರಾಜ್ಯ ರೈತ ಸಂಘ ಹುಟ್ಟಿದಾಗ, ವಸೂಲಿಯ ಜೀಪು ಊರೊಳಗೆ ಬಂದರೆ ರೈತ ಹಿತ್ತಿಲ ಬಾಗಿಲಿನಿಂದ ಓಡಿಹೋಗುವ ಕಾಲವಿತ್ತು. ಕಡಾಯಿ, ಹಂಡೆ, ಮನೆಯ ಬಾಗಿಲು ಕಿತ್ತುಕೊಂಡು ಹೋದರೂ ಕೇಳುವವರಿರಲಿಲ್ಲ. ಆಗ ರೈತರು ಊರ ಬಾಗಿಲಿಗೆ ಒಂದು ಬೋರ್ಡು ನೆಟ್ಟರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂದು ಬರೆದರು. ಒಂದು ಹಲಗೆ, ನಾಲ್ಕು ಸಾಲು ಬಣ್ಣದ ಅಕ್ಷರ. ಹಲಗೆಯಲ್ಲೇನು ಶಕ್ತಿ ಇತ್ತು? ಅದರ ಹಿಂದೆ ಊರು ನಿಂತಿತ್ತು. ಒಬ್ಬನ ಮನೆಗೆ ಜಪ್ತಿ ಬಂದರೆ ನೂರು ಮನೆಯವರು ಅಂಗಳಕ್ಕೆ ಬರುತ್ತಿದ್ದರು. ಸಾಲ ನಾಚಿಕೆಯ ವಿಷಯವಲ್ಲ, ಬೆಳೆಗೆ ದರ ಕೊಡದವರ ಬಾಕಿ ಅದು ಎಂದು ರೈತ ಮೊದಲ ಸಲ ತಲೆ ಎತ್ತಿ ಹೇಳಿದ.

ಈಗ ಜೀಪು ಬರುವುದಿಲ್ಲ. ಜಗಲಿಯ ಕಿಟಕಿಯಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಜೀಪು ಬಂದರೆ ಊರಿಗೆಲ್ಲ ಕಾಣುತ್ತಿತ್ತು. ಫೋನು ಕಾಣುವುದಿಲ್ಲ. ನನಗೆ ಬಂದ ಕರೆ ನಿಮಗೆ ಗೊತ್ತಿಲ್ಲ, ನಿಮಗೆ ಬಂದದ್ದು ನನಗೆ ಗೊತ್ತಿಲ್ಲ, ಇಬ್ಬರೂ ಸಂತೆಯಲ್ಲಿ ಸಿಕ್ಕಿ ಮಳೆಯ ಮಾತಾಡಿ ಮನೆಗೆ ಬರುತ್ತೇವೆ. ವಸೂಲಿಯವನು ಗೆದ್ದದ್ದು ಅಲ್ಲಿ.

ಹೊಸ ನಿಯಮದಲ್ಲಿ ನಮ್ಮ ಗಮನಕ್ಕೆ ಬಾರದ ಒಂದು ಮಾತಿದೆ. ನೋಂದಣಿ ಇಲ್ಲದೆ ಜಾಹೀರಾತಿನ ಕರೆ ಮಾಡುವವನ ಮೇಲೆ ಕ್ರಮ ತೆಗೆದುಕೊಳ್ಳಲು ಮೊದಲು 7 ದಿನದಲ್ಲಿ 10 ದೂರು ಬೇಕಿತ್ತು. 2025ರ ತಿದ್ದುಪಡಿಯ ಮೇಲೆ 10 ದಿನದಲ್ಲಿ 5 ದೂರು ಸಾಕು. ಕಂಪನಿಯವರು ಕ್ರಮಕ್ಕೆ 30 ದಿನ ಎಳೆಯುತ್ತಿದ್ದದ್ದು 5 ದಿನಕ್ಕೆ ಇಳಿಯಿತು. ಮೊದಲ ತಪ್ಪಿಗೆ 15 ದಿನ ಆ ನಂಬರಿನ ಹೊರಹೋಗುವ ಕರೆ ಬಂದ್, ಮತ್ತೆ ತಪ್ಪಿದರೆ ಅವನ ಹೆಸರಿನ ಸಂಪರ್ಕವೆಲ್ಲ ಒಂದು ವರ್ಷ ಕಟ್. ಅಂದರೆ ಏನಾಯಿತು? ಒಬ್ಬನ ದೂರಿಗೆ ಕಾನೂನು ಕಣ್ಣು ಬಿಡುತ್ತದೆ, ಐವರ ದೂರಿಗೆ ಎದ್ದು ನಿಲ್ಲುತ್ತದೆ. ಒಂದೇ ನಂಬರಿನಿಂದ ಒಂದೇ ದಿನ ಒಂದೇ ಕೇರಿಯ ನಾಲ್ಕಾರು ಮನೆಗೆ ಕರೆ ಬರುವುದುಂಟು. ಆ ಮನೆಗಳವರು ಮಾತಾಡಿಕೊಂಡರೆ ಐದು ದೂರು ಆಗಲು ಒಂದು ಸಂಜೆ ಸಾಕು. ಕಾನೂನೇ ಸಂಘ ಕಟ್ಟಿರಿ ಅನ್ನುತ್ತಿರುವಾಗ ನಾವು ಯಾಕೆ ಒಂಟಿಯಾಗಿ ಕೂಗಾಡಬೇಕು?

ಆದ್ದರಿಂದ ನಮ್ಮ ಸಲಹೆ ಬಹಳ ಸಾದಾ. ಎಲ್ಲರ ಮನೆಯ ಗೋಡೆಯ ಮೇಲೂ ಒಂದು ಕ್ಯಾಲೆಂಡರು ಇದೆ. ಬೋರ್ಡೊ ಮದ್ದು ಹೊಡೆದ ದಿನ, ದನ ಗಬ್ಬ ಕಟ್ಟಿದ ದಿನ, ಗ್ಯಾಸು ಬಂದ ದಿನ ಅದರ ಮೇಲೆಯೇ ಗೀಚುತ್ತೇವೆ. ಅದೇ ಚೌಕದಲ್ಲಿ ಕಾಟದ ಕರೆಯ ನಂಬರು, ಹೊತ್ತು ಬರೆಯಿರಿ. ಸೊಸೈಟಿಗೆ ಹೋಗುವ ದಿನ ಆ ಪಟ್ಟಿಯನ್ನು ಒಯ್ಯಿರಿ. ಊರಿಗೊಬ್ಬ ಓದಿದ ಹುಡುಗನೋ ಹುಡುಗಿಯೋ ವಾರಕ್ಕೊಮ್ಮೆ ಎಲ್ಲರ ಪಟ್ಟಿ ಕೂಡಿಸಿ ಅವರವರ ಫೋನಿನಿಂದಲೇ 1909ಕ್ಕೆ ದೂರು ಹಾಕಿಸಲಿ. ಬೆದರಿಕೆಯ ಕರೆ ಬಂದವರನ್ನು ಒಬ್ಬರೇ ಠಾಣೆಗೆ ಕಳಿಸಬೇಡಿ, ಹತ್ತು ಜನ ಒಟ್ಟಿಗೆ ಹೋಗಿ. ಸೈಬರ್ ಕೇಸಿಗೆ ಕಾರವಾರದ ಸೆನ್ ಠಾಣೆಗೇ ಘಟ್ಟ ಇಳಿದು ಹೋಗಿ ಎಂದರೆ, ಮೊದಲು ಇಲ್ಲಿ ದೂರು ಬರೆದುಕೊಳ್ಳಿ ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಿ.

ನಮ್ಮ ಕಡೆಯ ತಪ್ಪೂ ಇದೆ. ಜಾತ್ರೆಯ ಲಕ್ಕಿ ಡಿಪ್ಪಿನ ಚೀಟಿಯಲ್ಲಿ, ಬಟ್ಟೆಯಂಗಡಿಯ ಬಿಲ್ಲಿನಲ್ಲಿ, ಯಾರೋ ಹಿಡಿದುಕೊಂಡು ಬಂದ ಸರ್ವೆಯ ಹಾಳೆಯಲ್ಲಿ ಕೇಳಿದ ಕಡೆಯೆಲ್ಲ ನಂಬರು ಬರೆದುಕೊಟ್ಟವರು ನಾವೇ. ಪಹಣಿಯನ್ನು ಹಾಗೆ ಹಂಚುತ್ತೇವೆಯೇ? ನಂಬರೂ ಒಂದು ಆಸ್ತಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯಾಯಿತು, ಅದರ ನಿಯಮ ಹೊರಬೀಳಲು 2025ರ ನವೆಂಬರು ಬಂತು. ಆ ಕಾಯ್ದೆ ಪೂರ್ತಿ ಜಾರಿಯಾಗುವ ತನಕ ನಮ್ಮ ನಾಲಿಗೆಯೇ ನಮಗೆ ಬೀಗ.

ಇನ್ನೊಂದು ಮಾತು. ಆ ಕಡೆ ಮಾತಾಡುವ ಹುಡುಗಿಗೆ ಕೆಟ್ಟ ಮಾತು ಬೈಯಬೇಡಿ. ಅವಳೂ ಯಾವುದೋ ಊರಿನ ರೈತನ ಮಗಳಿರಬಹುದು. ಗಂಟೆಗೆ ಇಷ್ಟು ಕರೆ ಎಂದು ಅವಳ ತಲೆಯ ಮೇಲೆ ಕೂತವನೊಬ್ಬ ಇದ್ದಾನೆ. ನಮ್ಮ ಜಗಳ ಅವಳ ಜೊತೆಯಲ್ಲ, ಅವಳನ್ನು ನಮ್ಮ ಮೇಲೆ ಛೂ ಬಿಟ್ಟ ಕಂಪನಿಯ ಜೊತೆ, ಕರೆ ಒಂದಕ್ಕೆ ಇಷ್ಟು ಎಂದು ಸಂಪಾದಿಸಿ ಕಣ್ಣು ಮುಚ್ಚಿ ಕೂತ ಫೋನ್ ಕಂಪನಿಯ ಜೊತೆ.

ಸರ್ಕಾರವನ್ನು ನಾವು ಕೇಳುವುದು ಮೂರು. ಬೇಡವೆಂದು ಹೇಳುವ ಹೊರೆ ರೈತನ ಮೇಲೆ ಬೇಡ, ಬೇಕೆಂದು ಬರೆದುಕೊಟ್ಟವನಿಗೆ ಮಾತ್ರ ಜಾಹೀರಾತಿನ ಕರೆ ಹೋಗಲಿ. ದೂರು ಕೊಡಲು, ಅದು ಏನಾಯಿತೆಂದು ತಿಳಿಯಲು ಗ್ರಾಮ ಪಂಚಾಯ್ತಿಯಲ್ಲಿ ಕನ್ನಡದಲ್ಲಿ ವ್ಯವಸ್ಥೆ ಆಗಲಿ. ಬೆಳೆ ಹೋದ ತಾಲೂಕಿನಲ್ಲಿ ಪರಿಹಾರ ತೀರ್ಮಾನ ಆಗುವವರೆಗೆ ಹೊರಗಿನ ಏಜೆಂಟರಿಂದ ವಸೂಲಿಯ ಕರೆ ನಿಲ್ಲಲಿ. ನಮ್ಮ ಸಹಕಾರಿ ಸಂಸ್ಥೆಗಳಿಗೂ ಒಂದು ವಿನಂತಿ: ಬಾಕಿ ಕೇಳಬೇಕಾದರೆ ನೀವೇ ಕೇಳಿ, ನಿಮ್ಮ ದನಿಯಲ್ಲೇ ಕೇಳಿ. ಸದಸ್ಯನ ನಂಬರನ್ನು ಹೊರಗಿನವರ ಕೈಗೆ ಕೊಡಬೇಡಿ.

ನಮ್ಮ ಮನೆಗಳ ದಾರಿಗೆ ದಣಪೆ ಹಾಕುವುದು ಯಾರೂ ಬರಬಾರದೆಂದಲ್ಲ. ನೆಂಟರು ಬಂದರೆ ಸರಿಸುತ್ತೇವೆ, ಬೇಡುವವನು ಬಂದರೂ ಸರಿಸುತ್ತೇವೆ. ದನ ನುಗ್ಗಬಾರದು, ಅಷ್ಟೇ. ಫೋನಿಗೂ ಅಂಥ ಒಂದು ದಣಪೆ ಬೇಕು. ಅದನ್ನು ಒಬ್ಬೊಬ್ಬರೇ ಹಾಕಲು ಆಗುವುದಿಲ್ಲ, ಊರು ಸೇರಿ ಹಾಕಬೇಕು. ಈ ಸಂಚಿಕೆ ಕೈಗೆ ಬಂದ ದಿನವೇ ಪಕ್ಕದ ಮನೆಗೆ ಹೋಗಿ ಕೇಳಿ: "ನಿಮಗೂ ಆ ನಂಬರಿಂದ ಫೋನು ಬಂತನಾ?" ಬಂತು ಎನ್ನುವವರು ಐವರಾದರೆ ಸಾಕು. ಮಗಳಿಗೆ ಫೋನು ಮಾಡಲು ಮುಖವಿಲ್ಲ ಎಂದು ಕೂತ ಆ ನಮ್ಮ ಹಿರಿಯರು ಮತ್ತೆ ತಲೆ ಎತ್ತಿ ಫೋನು ಹಿಡಿಯುವಂತಾಗಬೇಕು. ನಮ್ಮ ಕೆಲಸ ಅಲ್ಲಿಂದ ಶುರು.